‘ಎರಡು ಮಾತು ಆಡಿ’ ಅಂದಾಗ ಬಾಯಿ ಒಣಗುವುದೇಕೆ?

ನವೆಂಬರ್ ಬಂತೆಂದರೆ ಬೀದಿಬೀದಿಯಲ್ಲೂ ವೇದಿಕೆ ಏಳುತ್ತದೆ. ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗ, ಆಟೋ ಸ್ಟ್ಯಾಂಡ್, ಆಫೀಸಿನ ಕ್ಯಾಂಟೀನ್, ಎಲ್ಲ ಕಡೆ ರಾಜ್ಯೋತ್ಸವ. ಬಾವುಟ ಹಾರುತ್ತದೆ, ನಾಡಗೀತೆ ಮುಗಿಯುತ್ತದೆ. ಆಮೇಲೆ ಸಂಘದ ಕಾರ್ಯದರ್ಶಿ ನಿಮ್ಮ ಕಡೆ ತಿರುಗಿ, “ಸಾರ್, ನೀವೇ ಎರಡು ಮಾತು ಆಡಿಬಿಡಿ” ಅನ್ನುತ್ತಾರೆ.

ಎದೆ ಡವಡವ ಶುರು.

ವಿಚಿತ್ರ ನೋಡಿ. ದಿನವಿಡೀ ಮಾತಾಡುವವರೇ ನಾವು. ತರಕಾರಿ ಗಾಡಿಯವನ ಹತ್ತಿರ ಚೌಕಾಸಿ ಮಾಡುತ್ತೇವೆ, ಅಕ್ಕನ ಜೊತೆ ಫೋನಿನಲ್ಲಿ ಮುಕ್ಕಾಲು ಗಂಟೆ ಹರಟುತ್ತೇವೆ. ಆದರೆ ಈ ‘ಎರಡು ಮಾತಿ’ಗೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ದೊಡ್ಡ ವಾಗ್ಮಿ ಆಗುವುದು ಹೇಗೆ ಅನ್ನುವುದು ಬೇರೆ ಪ್ರಶ್ನೆ. ಐದು ನಿಮಿಷ ಎದ್ದು ನಿಂತು, ಕೇಳುವವರು ಮೊಬೈಲ್ ತೆಗೆಯದ ಹಾಗೆ ಮಾತಾಡುವುದು ಹೇಗೆ? ಇಲ್ಲಿ ಅಷ್ಟನ್ನು ಮಾತ್ರ ನೋಡೋಣ. ಮೊದಲು ಮೈಯಿಂದ ಶುರು ಮಾಡೋಣ, ಯಾಕೆಂದರೆ ಮೊದಲು ಕೈಕೊಡುವುದು ಅದೇ.

ಮೈಗೆ ಏನಾಗುತ್ತದೆ?

ಈ ಭಯಕ್ಕೆ ‘ಗ್ಲಾಸೊಫೋಬಿಯಾ’ ಅಂತ ಹೆಸರಿದೆ. ಗ್ರೀಕ್ ಭಾಷೆಯ ‘ನಾಲಿಗೆ’ ಮತ್ತು ‘ಭಯ’ ಎಂಬ ಎರಡು ಪದ ಸೇರಿ ಆದದ್ದು. ಹೆಸರು ದೊಡ್ಡದು, ಒಳಗಿನ ಕೆಲಸ ಸರಳ.

ಐವತ್ತು ಜೊತೆ ಕಣ್ಣು ಒಮ್ಮೆಲೇ ನಮ್ಮ ಮೇಲೆ ನೆಟ್ಟಾಗ ಮಿದುಳು ಅದನ್ನು ಅಪಾಯ ಎಂದೇ ಓದಿಕೊಳ್ಳುತ್ತದೆ. ಮೂತ್ರಪಿಂಡದ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. ಬೀದಿನಾಯಿ ಅಟ್ಟಿಸಿಕೊಂಡು ಬಂದಾಗ ಓಡಲು ಬೇಕಾಗುವ ತಯಾರಿಯೇ ಇದು. ಹೃದಯ ಜೋರಾಗಿ ಬಡಿದು ರಕ್ತವನ್ನು ಕೈಕಾಲಿನ ದೊಡ್ಡ ಸ್ನಾಯುಗಳಿಗೆ ಕಳಿಸುತ್ತದೆ. ಚರ್ಮಕ್ಕೆ ಹೋಗುವ ರಕ್ತ ಕಡಿಮೆಯಾಗುತ್ತದೆ, ಬೆರಳು ತಣ್ಣಗಾಗುತ್ತದೆ. ಓಡುವಾಗ ಊಟ ಅರಗುವ ಅಗತ್ಯವಿಲ್ಲವಲ್ಲ, ಹಾಗಾಗಿ ಹೊಟ್ಟೆಯ ಕೆಲಸ ನಿಧಾನವಾಗುತ್ತದೆ, ಜೊಲ್ಲು ಕಡಿಮೆಯಾಗುತ್ತದೆ. ಬಾಯಿ ಒಣಗುವುದು ಇದರಿಂದ. ಓಡಲು ಸಿದ್ಧವಾದ ಸ್ನಾಯುಗಳಿಗೆ ಓಡುವ ಕೆಲಸ ಸಿಗದಿದ್ದಾಗ ಅವು ನಿಂತಲ್ಲೇ ನಡುಗುತ್ತವೆ.

ಇದು ಹೊಸಬರಿಗೆ ಮಾತ್ರ ಆಗುವ ಕಷ್ಟ ಅಂದುಕೊಳ್ಳಬೇಡಿ. 1893ರ ಸೆಪ್ಟೆಂಬರ್ 11ರಂದು ಸ್ವಾಮಿ ವಿವೇಕಾನಂದರು ಷಿಕಾಗೋದಲ್ಲಿ ಮಾಡಿದ ಭಾಷಣ ನಮಗೆಲ್ಲ ಗೊತ್ತು. “ಅಮೆರಿಕದ ಸಹೋದರಿಯರೇ, ಸಹೋದರರೇ” ಅಂದದ್ದೂ ಗೊತ್ತು. ಆದರೆ ಅಂದು ಬೆಳಗ್ಗೆ ಅವರು ಮಾತಾಡಲೇ ಇಲ್ಲ. ಚಿಕ್ಕಮಗಳೂರಿನಲ್ಲಿ ಹುಟ್ಟಿ ಮದರಾಸಿನಲ್ಲಿ ಮೇಷ್ಟರಾಗಿದ್ದ ಅಳಸಿಂಗ ಪೆರುಮಾಳ್ ಎಂಬ ಶಿಷ್ಯರೊಬ್ಬರು ವಿವೇಕಾನಂದರಿಗಿದ್ದರು. ಎದೆ ಹೊಡೆದುಕೊಳ್ಳುತ್ತಿತ್ತು, ನಾಲಿಗೆ ಒಣಗಿತ್ತು, ಬೆಳಗಿನ ಹೊತ್ತು ಮಾತಾಡುವ ಧೈರ್ಯವೇ ಬರಲಿಲ್ಲ ಎಂದು ಆ ನವೆಂಬರಿನಲ್ಲಿ ಈ ಶಿಷ್ಯರಿಗೆ ಬರೆದ ಪತ್ರದಲ್ಲಿ ವಿವೇಕಾನಂದರೇ ಹೇಳಿಕೊಂಡಿದ್ದಾರೆ. ಅವರು ಎದ್ದು ನಿಂತದ್ದು ಮಧ್ಯಾಹ್ನದ ಮೇಲೆ.

ಹಾಗಾದರೆ ಏನು ಮಾಡಬೇಕು? “ಸಮಾಧಾನ ಮಾಡ್ಕೋ” ಅಂತ ಎಲ್ಲರೂ ಹೇಳುತ್ತಾರೆ. ಆದರೆ ಓಡುತ್ತಿರುವ ಬಸ್ಸಿಗೆ ಒಮ್ಮೆಲೇ ಬ್ರೇಕ್ ಹಾಕುವುದು ಸುಲಭವಲ್ಲ. ಹಾರ್ವರ್ಡಿನ ಸಂಶೋಧಕಿ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಭಾಷಣಕ್ಕೆ ಮುಂಚೆ “ನಾನು ಶಾಂತವಾಗಿದ್ದೇನೆ” ಅಂದುಕೊಂಡವರಿಗಿಂತ “ನನಗೆ ಹುರುಪು ಬಂದಿದೆ” ಅಂದುಕೊಂಡವರು ಚೆನ್ನಾಗಿ ಮಾತಾಡಿದರು. ಹುರುಪಿನಲ್ಲೂ ಎದೆ ಡವಡವ ಅನ್ನುತ್ತದೆ, ಭಯದಲ್ಲೂ ಅನ್ನುತ್ತದೆ. ಮೈಯಲ್ಲಿ ಆಗುವುದು ಹೆಚ್ಚುಕಡಿಮೆ ಒಂದೇ, ನಾವು ಇಟ್ಟ ಹೆಸರು ಬೇರೆ. ಇನ್ನೊಂದು ದಾರಿ ಉಸಿರು. ಉಸಿರು ಬಿಡುವಾಗ ಹೃದಯದ ಬಡಿತ ಕೊಂಚ ನಿಧಾನವಾಗುತ್ತದೆ. ಹಾಗಾಗಿ ಎಳೆದುಕೊಳ್ಳುವುದಕ್ಕಿಂತ ಬಿಡುವುದನ್ನು ಉದ್ದ ಮಾಡಿ. ನಾಲ್ಕೈದು ಸಲ ಸಾಕು. ಕುರ್ಚಿಯಲ್ಲಿ ಕೂತೇ ಮಾಡಬಹುದು, ಯಾರಿಗೂ ಗೊತ್ತಾಗುವುದಿಲ್ಲ.

ನಿಮ್ಮ ನಡುಕ ಅವರಿಗೆ ಅಷ್ಟು ಕಾಣುವುದಿಲ್ಲ

ಭಯಕ್ಕಿಂತ ಜಾಸ್ತಿ ಕಾಡುವುದು ‘ಭಯ ಎಲ್ಲರಿಗೂ ಕಾಣ್ತಿದೆ’ ಅನ್ನುವ ಭಯ. 2003ರಲ್ಲಿ ಕೆನೆತ್ ಸಾವಿಟ್ಸ್ಕಿ ಮತ್ತು ಥಾಮಸ್ ಗಿಲೊವಿಚ್ ಎಂಬ ಮನಃಶಾಸ್ತ್ರಜ್ಞರು ಇದನ್ನೇ ಪರೀಕ್ಷೆ ಮಾಡಿದರು. ಮಾತಾಡಿದವರು ತಾವು ತುಂಬಾ ಹೆದರಿದಂತೆ ಕಂಡೆವು ಅಂದುಕೊಂಡಿದ್ದರು. ನೋಡಿದವರಿಗೆ ಅಷ್ಟೇನೂ ಅನ್ನಿಸಿರಲಿಲ್ಲ. ಅದಕ್ಕಿಂತ ಸ್ವಾರಸ್ಯದ ಸಂಗತಿ ಮುಂದಿದೆ. ಈ ಮಾತನ್ನು ಕೆಲವರಿಗೆ ಮೊದಲೇ ತಿಳಿಸಿದ್ದರು. ಅವರ ಭಾಷಣ ಉಳಿದವರದಕ್ಕಿಂತ ಚೆನ್ನಾಗಿತ್ತು ಎಂದು ಕೇಳಿದವರೂ ಹೇಳಿದರು.

ನಮ್ಮ ಎದೆಬಡಿತ ನಮ್ಮ ಕಿವಿಗೆ ಚಂಡೆಯ ಹಾಗೆ ಕೇಳುತ್ತದೆ. ಮೂರನೇ ಸಾಲಿನಲ್ಲಿ ಕೂತವರಿಗೆ ಅದು ಕೇಳುವುದಿಲ್ಲ, ಅಲ್ವಾ? ಒಂದು ಮಾತ್ರ ಕಾಣುತ್ತದೆ: ಕೈಯಲ್ಲಿರುವ ದೊಡ್ಡ ಹಾಳೆ. ಬೆರಳಿನ ಸಣ್ಣ ನಡುಕವೂ ಉದ್ದ ಹಾಳೆಯ ತುದಿಗೆ ಹೋಗುವಷ್ಟರಲ್ಲಿ ಬಾಳೆ ಎಲೆ ಅಲುಗಾಡಿದಂತೆ ಆಗುತ್ತದೆ. ಹಾಳೆ ಬಿಟ್ಟು ಪೋಸ್ಟ್‌ಕಾರ್ಡಿನಷ್ಟು ಸಣ್ಣ ದಪ್ಪ ಚೀಟಿ ಇಟ್ಟುಕೊಳ್ಳಿ. ಅರ್ಧ ನಡುಕ ಅಲ್ಲೇ ಮಾಯ.

ಬಾಯಿಪಾಠ ಯಾಕೆ ಕೈಕೊಡುತ್ತದೆ?

ನನ್ನದೇ ಕಥೆ ಹೇಳುತ್ತೇನೆ. ಬಹಳ ವರ್ಷದ ಹಿಂದೆ, ಜೊತೆ ಕೆಲಸ ಮಾಡಿದ ಹಿರಿಯರೊಬ್ಬರ ಬೀಳ್ಕೊಡುಗೆ. ಮೂರು ಪುಟ ಬರೆದು, ಎರಡು ರಾತ್ರಿ ಗಟ್ಟಿ ಮಾಡಿದ್ದೆ. ಮೊದಲ ಪುಟ ಸರಾಗವಾಗಿ ಹೋಯಿತು. “ಅವರೊಡನೆ ಕಳೆದ ಆ ದಿನಗಳು ಅವಿಸ್ಮರಣೀಯ” ಅಂದೆ. ಅಷ್ಟೇ, ಮುಂದಿನದೆಲ್ಲ ಮರೆತುಹೋಯಿತು. ಹಿಂದಿನಿಂದ ಯಾರೋ ಕಿಸಕ್ ಅಂದರು. ಹೇಗೋ ‘ಧನ್ಯವಾದ’ ಹೇಳಿ ಕೂತೆ. ಆ ಹಿರಿಯರು ಈಗಲೂ ಸಿಕ್ಕಾಗ “ಏನಪ್ಪಾ ಅವಿಸ್ಮರಣೀಯ” ಅಂತಲೇ ಮಾತಾಡಿಸುತ್ತಾರೆ.

ತಪ್ಪಿದ್ದೆಲ್ಲಿ? ಬಾಯಿಪಾಠ ಅನ್ನುವುದು ಮಗ್ಗಿಯ ಹಾಗೆ. ಏಳರ ಮಗ್ಗಿಯ ನಡುವೆ ಯಾರಾದರೂ ತಡೆದರೆ ಮತ್ತೆ ‘ಏಳೊಂದ್ಲ ಏಳು’ ಎಂದೇ ಶುರು ಮಾಡಬೇಕು. ಒಂದು ಸಾಲು ಮುಂದಿನ ಸಾಲನ್ನು ಎಳೆದು ತರುತ್ತದೆ. ಒಂದು ಕೊಂಡಿ ಕಳಚಿದರೆ ಇಡೀ ಸರಪಳಿ ಬಿದ್ದುಹೋಗುತ್ತದೆ. ಅದರ ಮೇಲೆ, ಮನಸ್ಸಿನ ಅರ್ಧ ಭಾಗ ಭಯಕ್ಕೆ ಹೋಗಿರುವ ಹೊತ್ತಿನಲ್ಲಿ ‘ಮುಂದಿನ ಪದ ಏನು’ ಅಂತ ಹುಡುಕುವುದು ಇನ್ನೂ ಕಷ್ಟ.

ಇದಕ್ಕೆ ಪರಿಹಾರ ನಮ್ಮ ಕರಾವಳಿಯಲ್ಲೇ ಇದೆ: ತಾಳಮದ್ದಳೆ. ಯಕ್ಷಗಾನದ್ದೇ ಇನ್ನೊಂದು ರೂಪ ಇದು. ಆದರೆ ವೇಷವಿಲ್ಲ, ಕುಣಿತವಿಲ್ಲ. ಕಲಾವಿದರು ಪಂಚೆ ಶಲ್ಯದಲ್ಲಿ ಸುಮ್ನೆ ಕೂತಿರುತ್ತಾರೆ. ಭಾಗವತರು ಪ್ರಸಂಗದ ಒಂದು ಪದ್ಯ ಹಾಡುತ್ತಾರೆ. ಹಾಡು ಮುಗಿದ ಮೇಲೆ ಅರ್ಥಧಾರಿ ಆ ಪದ್ಯದ ಅರ್ಥವನ್ನು ತನ್ನದೇ ಮಾತಿನಲ್ಲಿ ಬೆಳೆಸುತ್ತಾನೆ. ಎದುರು ಪಾತ್ರದವನು ಪ್ರಶ್ನೆ ಹಾಕುತ್ತಾನೆ, ಇವನು ಅಲ್ಲೇ ಉತ್ತರ ಕೊಡಬೇಕು. ಬರೆದಿಟ್ಟ ಮಾತು ಒಂದೂ ಇಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥ (1918–2006) ಅರ್ಥಧಾರಿಗಳು ಬರೀ ಮಾತಿನಿಂದಲೇ ಜನರನ್ನು ರಾತ್ರಿಯಿಡೀ ಕೂರಿಸುತ್ತಿದ್ದರು.

ಇಲ್ಲಿ ಗುಟ್ಟೇನು ಗಮನಿಸಿ. ಪದ್ಯಗಳು ಮೊದಲೇ ಗೊತ್ತಿವೆ, ಅವುಗಳ ಕ್ರಮವೂ ಗೊತ್ತಿದೆ. ಒಂದು ಪದ್ಯದಿಂದ ಇನ್ನೊಂದಕ್ಕೆ ಹೋಗುವ ದಾರಿ ಮಾತ್ರ ಆ ಹೊತ್ತಿನದು. ನಿಮ್ಮ ಚೀಟಿಯೂ ಹಾಗಿರಲಿ. ಬೀದಿಯ ನೀರಿನ ತೊಂದರೆ ಬಗ್ಗೆ ಐದು ನಿಮಿಷ ಮಾತಾಡಲು ನಾಲ್ಕು ಪದ ಸಾಕು: ‘ಟ್ಯಾಂಕರ್’, ‘ಮಳೆ’, ‘ಸಂಪು’, ‘ಮುಂದಿನ ಬೇಸಿಗೆ’. ಊರಿಗೆ ದಾರಿ ಹೇಳುವಾಗ “ಅರಳಿಕಟ್ಟೆ ದಾಟಿ, ಶಾಲೆ ಹತ್ರ ಎಡಕ್ಕೆ ತಿರುಗಿ” ಅನ್ನುತ್ತೇವೆಯೇ ಹೊರತು ಎಷ್ಟು ಹೆಜ್ಜೆ ಅಂತ ಲೆಕ್ಕ ಕೊಡುವುದಿಲ್ಲವಲ್ಲ. ಬಾಯಿಪಾಠ ಬೇಕೇ ಬೇಕು ಅನ್ನಿಸಿದರೆ ಮೊದಲ ಸಾಲು ಮತ್ತು ಕೊನೆಯ ಸಾಲು ಮಾತ್ರ ಮಾಡಿ. ಭಯ ಜಾಸ್ತಿ ಇರುವುದು ಶುರುವಿನಲ್ಲಿ. ಮುಗಿಸಲು ಗೊತ್ತಾಗದೆ ಒದ್ದಾಡುವುದು ಕೊನೆಯಲ್ಲಿ.

ಬರೆಯುವ ಕನ್ನಡ ಬೇರೆ, ಆಡುವ ಕನ್ನಡ ಬೇರೆ

ಕನ್ನಡದಲ್ಲಿ ಭಾಷಣ ಮಾಡುವವರಿಗೆ ಒಂದು ವಿಶೇಷ ತೊಂದರೆ ಇದೆ. ಮನೆಯಲ್ಲಿ ಆಡುವ ಮಾತು ಒಂದು, ಪುಸ್ತಕದಲ್ಲಿ ಬರೆಯುವುದು ಇನ್ನೊಂದು. ಮೈಕ್ ಸಿಕ್ಕ ಕೂಡಲೇ ನಾವು ಪುಸ್ತಕದ ಕಡೆ ಜಿಗಿಯುತ್ತೇವೆ. ಇದನ್ನು ಓದಿ ನೋಡಿ:

“ನಮ್ಮ ಬಡಾವಣೆಯ ನಿವಾಸಿಗಳು ಎದುರಿಸುತ್ತಿದ್ದ ನೀರಿನ ಅಭಾವದ ಸಮಸ್ಯೆಯನ್ನು ಪರಿಹರಿಸುವ ನಿಟ್ಟಿನಲ್ಲಿ ಸಂಘದ ವತಿಯಿಂದ ಕೈಗೊಳ್ಳಲಾದ ಮಳೆನೀರು ಸಂಗ್ರಹಣಾ ಕಾರ್ಯವು ಶ್ಲಾಘನೀಯವಾದುದು.”

ಕಣ್ಣಿಗೆ ಪರವಾಗಿಲ್ಲ. ಕಿವಿಗೆ? ಕನ್ನಡದ ವಾಕ್ಯದಲ್ಲಿ ಮುಖ್ಯ ಮಾತು ಬರುವುದು ಕೊನೆಗೆ. ಅಲ್ಲಿಯವರೆಗೂ ಕೇಳುವವನು ಉಳಿದೆಲ್ಲ ಪದಗಳನ್ನು ತಲೆಯಲ್ಲಿ ಹೊತ್ತು ನಿಂತಿರಬೇಕು. ಕೈಯಲ್ಲಿ ಒಂದೊಂದೇ ಪಾತ್ರೆ ಪೇರಿಸುತ್ತಾ ಹೋಗಿ, ಇಳಿಸುವ ಜಾಗವನ್ನು ಕೊನೆಗೆ ತೋರಿಸಿದ ಹಾಗೆ. ‘ಶ್ಲಾಘನೀಯ’ ಬರುವ ಹೊತ್ತಿಗೆ ಅರ್ಧ ಪಾತ್ರೆ ನೆಲಕ್ಕೆ ಬಿದ್ದಿರುತ್ತವೆ.

ಅದನ್ನೇ ಹೀಗೆ ಹೇಳಿ:

“ಹೋದ ಏಪ್ರಿಲ್‌ನಲ್ಲಿ ನಮ್ಮ ಬೀದಿಗೆ ದಿನಕ್ಕೆ ಎರಡು ಟ್ಯಾಂಕರ್ ಬರ್ತಿತ್ತು. ಈ ಏಪ್ರಿಲ್‌ನಲ್ಲಿ ಒಂದೂ ಬರಲಿಲ್ಲ. ಏನ್ ಮಾಡಿದ್ವಿ? ಟೆರೇಸ್ ಮೇಲೆ ಬಿದ್ದ ಮಳೆನೀರನ್ನ ಪೈಪ್ ಹಾಕಿ ಸಂಪ್‌ಗೆ ಇಳಿಸಿದ್ವಿ, ಅಷ್ಟೇ.”

ವಾಕ್ಯ ಚಿಕ್ಕದಾಯಿತು. ಎರಡು ಏಪ್ರಿಲ್ ಎದುರುಬದುರು ನಿಂತವು. ‘ಏನ್ ಮಾಡಿದ್ವಿ?’ ಅಂದಾಗ ಕೇಳುವವರು ಒಂದು ಕ್ಷಣ ಕಾಯುತ್ತಾರೆ. ಇದರಲ್ಲಿ ಹೊಗಳಿಕೆಯ ಪದ ಒಂದೂ ಇಲ್ಲ. ಆದರೂ ಚಪ್ಪಾಳೆ ಬರುವುದು ಇದಕ್ಕೇ.

ಓದುವವರು ಅರ್ಥವಾಗದಿದ್ದರೆ ಪುಟ ಹಿಂದಕ್ಕೆ ತಿರುಗಿಸಬಹುದು. ಕೇಳುವವರಿಗೆ ಆ ಸೌಕರ್ಯವಿಲ್ಲ. ಭಾಷಣದ ಎಲ್ಲ ನಿಯಮಗಳೂ ಈ ಒಂದು ಸಂಗತಿಯಿಂದ ಹುಟ್ಟಿದವು ಅಂದರೂ ತಪ್ಪಿಲ್ಲ. ವಾಕ್ಯ ಚಿಕ್ಕದಿರಬೇಕು, ಮುಖ್ಯ ಮಾತನ್ನು ಎರಡು ಮೂರು ಸಲ ಹೇಳಬೇಕು, ಉದಾಹರಣೆ ಕಣ್ಣಿಗೆ ಕಟ್ಟಬೇಕು ಅನ್ನುವುದು ಇದಕ್ಕೇ. ಧಾರವಾಡದವರು ಧಾರವಾಡದ ಮಾತಿನಲ್ಲಿ, ಕುಂದಾಪುರದವರು ಕುಂದಾಪುರದ ಮಾತಿನಲ್ಲಿ ಶುರು ಮಾಡಿದಾಗ ಸಭೆ ತಟ್ಟನೆ ಹತ್ತಿರವಾಗುವುದನ್ನು ನೀವೇ ನೋಡಿರುತ್ತೀರಿ.

ಇಂಗ್ಲಿಷಿನಲ್ಲಿ ‘ನಿಮಿಷಕ್ಕೆ ಇಷ್ಟು ಪದ’ ಅಂತ ವೇಗದ ಲೆಕ್ಕ ಕೊಡುತ್ತಾರೆ. ಅದು ನಮಗೆ ಹೊಂದುವುದಿಲ್ಲ. ‘ಹೋಗಬೇಕಾಗಿತ್ತಂತೆ’ ಅನ್ನುವುದು ನಮಗೆ ಒಂದೇ ಪದ! ಮೊಬೈಲಿನ ಗಡಿಯಾರ ಇಟ್ಟುಕೊಂಡು ನಿಮ್ಮ ಮಾತನ್ನು ಒಮ್ಮೆ ಗಟ್ಟಿಯಾಗಿ ಹೇಳಿ ನೋಡುವುದೇ ಸರಿಯಾದ ಅಳತೆ.

ಏನು ಹೇಳಬೇಕು, ಎಷ್ಟು ಹೇಳಬೇಕು?

ಗಾಂಧೀಜಿ ಬ್ಯಾರಿಸ್ಟರ್ ಆಗಿ ಬಂದ ಮೇಲೆ ಮುಂಬೈಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಮೊದಲ ಕೇಸಿಗೆ ಎದ್ದು ನಿಂತರು. ತಲೆ ತಿರುಗಿತು, ಕೇಳಲು ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಕೂತುಬಿಟ್ಟರು. ಕೇಸು ತನ್ನಿಂದಾಗದು, 30 ರೂಪಾಯಿ ಫೀ ವಾಪಸ್ ತೆಗೆದುಕೊಳ್ಳಿ ಅಂದರು. ಅದೇ ಗಾಂಧೀಜಿ 1893ರಲ್ಲಿ ದಕ್ಷಿಣ ಆಫ್ರಿಕದ ಪ್ರಿಟೋರಿಯಾದಲ್ಲಿ ಭಾರತೀಯರ ಸಭೆಯೊಂದರಲ್ಲಿ ಮಾತಾಡಿದರು. ತಮ್ಮ ಬದುಕಿನ ಮೊದಲ ಸಾರ್ವಜನಿಕ ಭಾಷಣ ಅದು ಎಂದು ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ಎದುರಿಗಿದ್ದವರು ಹೆಚ್ಚಾಗಿ ವ್ಯಾಪಾರಿಗಳು. ಇವರು ಆರಿಸಿಕೊಂಡ ವಿಷಯ ವ್ಯಾಪಾರದಲ್ಲಿ ಸತ್ಯ. ವ್ಯಾಪಾರಕ್ಕೂ ಸತ್ಯಕ್ಕೂ ಆಗಿಬರುವುದಿಲ್ಲ ಅನ್ನುವುದು ಅವರ ವಾಡಿಕೆಯ ಮಾತು. ಹಾಗಲ್ಲ ಅಂತ ಇವರು ವಾದ ಹೂಡಿದರು. ಆ ಸಲ ಮಾತು ನಿಲ್ಲಲಿಲ್ಲ. ವಿಷಯ ಸ್ವಂತದ್ದಾಗಿತ್ತು, ತಯಾರಿ ಇತ್ತು, ಯಾರಿಗೆ ಹೇಳುತ್ತಿದ್ದೇನೆ ಅನ್ನುವುದು ಸ್ಪಷ್ಟವಿತ್ತು.

ನೀವೂ ತಯಾರಿಯ ಮೊದಲು ಒಂದು ವಾಕ್ಯ ಪೂರ್ತಿ ಮಾಡಿ ನೋಡಿ: “ನಾನು ಕೂತ ಮೇಲೆ ಇವರಿಗೆ ನೆನಪಿರಬೇಕಾದ್ದು…” ಆ ಜಾಗದಲ್ಲಿ ಎರಡು ವಿಷಯ ಬಂದರೆ ಒಂದನ್ನು ಬಿಡಿ. ರಾಜ್ಯೋತ್ಸವ ಅಂತ ಪಂಪನಿಂದ ಹಿಡಿದು ಏಕೀಕರಣದವರೆಗೆ ಎಲ್ಲ ತುಂಬಿಸಬೇಕಿಲ್ಲ. ಪಕ್ಕದ ಮನೆಯ ಹೊರರಾಜ್ಯದ ಹುಡುಗ ಹಾಲಿನ ಅಂಗಡಿಯಲ್ಲಿ ಕನ್ನಡ ಕಲಿತ ಕಥೆ ಒಂದೇ ಸಾಕು.

ಇನ್ನು ಸಂಬೋಧನೆ. “ವೇದಿಕೆಯ ಮೇಲೆ ಆಸೀನರಾಗಿರುವ…” ಅಂತ ಶುರುವಾಗಿ ಎಂಟು ಗಣ್ಯರ ಹೆಸರು, ಹುದ್ದೆ, ಬಿರುದು ಮುಗಿಯುವಷ್ಟರಲ್ಲಿ ಐದರಲ್ಲಿ ಎರಡು ನಿಮಿಷ ಹೋಗಿರುತ್ತದೆ. ನಿರೂಪಣೆ ಮಾಡುವವರು ಆ ಪಟ್ಟಿಯನ್ನು ಆಗಲೇ ಓದಿರುತ್ತಾರೆ. “ವೇದಿಕೆ ಮೇಲಿರುವ ಹಿರಿಯರಿಗೆ, ಎದುರಿಗಿರುವ ನಿಮಗೆಲ್ಲ ನಮಸ್ಕಾರ” ಅಂದರೆ ಸಾಲದೇ? ಆದರೆ ಊರ ಕಾರ್ಯಕ್ರಮಗಳಲ್ಲಿ ಹೆಸರು ಬಿಟ್ಟರೆ ಬೇಜಾರಾಗುವವರು ಇರುತ್ತಾರೆ, ಅದೂ ನಿಜ. ಹೇಳಿದರೆ ಎಲ್ಲರ ಹೆಸರೂ ಹೇಳಿ, ಇಲ್ಲವಾದರೆ ಯಾರದ್ದೂ ಬೇಡ. ಏಳು ಹೆಸರು ಹೇಳಿ ಎಂಟನೆಯವರನ್ನು ಮರೆತರೆ ನಿಮ್ಮ ಭಾಷಣದಲ್ಲಿ ಜನರಿಗೆ ನೆನಪುಳಿಯುವುದು ಅದೊಂದೇ.

ಮೈಕಿನ ಲೆಕ್ಕ

ಒಳ್ಳೆಯ ಮಾತನ್ನೂ ಕೆಡಿಸುವ ಶಕ್ತಿ ಮೈಕಿಗಿದೆ. ಕೈಯಲ್ಲಿ ಹಿಡಿಯುವ ಮೈಕು ಬಾಯಿಂದ ಸುಮಾರು ನಾಲ್ಕು ಬೆರಳು ದೂರ ಇರಲಿ. ಈ ದೂರ ಎರಡು ಪಟ್ಟಾದರೆ ಮೈಕಿಗೆ ತಲುಪುವ ದನಿಯ ಶಕ್ತಿ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಮಾತಾಡುತ್ತಾ ಕೈ ಮೆಲ್ಲಗೆ ಹೊಟ್ಟೆಯ ಹತ್ತಿರ ಇಳಿದವರ ಮಾತು ಹಿಂದಿನ ಸಾಲಿಗೆ ಕೇಳದೆ ಹೋಗುವುದು ಇದರಿಂದಲೇ. ತೀರಾ ತುಟಿಗೆ ತಾಗಿಸಿದರೆ ‘ಪ’, ‘ಬ’, ‘ಭ’ ಬಂದಾಗಲೆಲ್ಲ ಗಾಳಿ ನೇರ ಹೊಡೆದು ‘ಢಬ್’ ಅನ್ನುತ್ತದೆ. ಮೈಕನ್ನು ಬಾಯಿಗೆ ನೇರ ಹಿಡಿಯದೆ ಸ್ವಲ್ಪ ಓರೆ ಹಿಡಿದರೆ ಗಾಳಿ ಪಕ್ಕಕ್ಕೆ ಹೋಗುತ್ತದೆ.

ಮೈಕ್ ಕಿರ್ರೆಂದು ಕಿರುಚುವುದು ಯಾಕೆ? ಸ್ಪೀಕರಿನಿಂದ ಬಂದ ಶಬ್ದ ಮತ್ತೆ ಮೈಕಿಗೆ ನುಗ್ಗುತ್ತದೆ, ಅಲ್ಲಿಂದ ಇನ್ನೂ ದೊಡ್ಡದಾಗಿ ಸ್ಪೀಕರಿಗೆ ಬರುತ್ತದೆ, ಮತ್ತೆ ಮೈಕಿಗೆ. ಈ ಸುತ್ತು ನಿಲ್ಲದೆ ತಿರುಗಿದಾಗ ಆ ಕಿರುಚಾಟ. ಹಾಗಾಗಿ ಸ್ಪೀಕರ್ ಡಬ್ಬದ ಎದುರು ಮೈಕ್ ಹಿಡಿದು ನಿಲ್ಲಬೇಡಿ. ಮೈಕಿನ ತಲೆಯನ್ನು ಅಂಗೈಯಲ್ಲಿ ಮುಚ್ಚಬೇಡಿ, ಅದರಿಂದ ಕಿರುಚಾಟ ಜಾಸ್ತಿಯಾಗುತ್ತದೆ. ತಟ್ಟುವುದು, ‘ಫೂ ಫೂ’ ಅಂತ ಊದುವುದು ಬೇಡ. “ಹಿಂದೆ ಕೂತವರಿಗೆ ಕೇಳ್ತಿದೆಯಾ?” ಅಂತ ಕೇಳಿದರೆ ಪರೀಕ್ಷೆಯೂ ಆಯಿತು, ಮೊದಲ ಮಾತೂ ಆಯಿತು.

ಮಾತಿಗೆ ಬರೀ 7 ಭಾಗವೇ?

ಭಾಷಣ ಕಲಿಸುವ ತರಗತಿಗಳಲ್ಲಿ ಒಂದು ಲೆಕ್ಕ ಓಡಾಡುತ್ತದೆ: ಪರಿಣಾಮದಲ್ಲಿ ಮಾತಿನ ಪಾಲು 7, ದನಿಯದು 38, ಹಾವಭಾವದ್ದು 55. ಇದನ್ನು ಕೇಳಿ ಎಷ್ಟೋ ಜನ ವಿಷಯ ಬಿಟ್ಟು ಕೈ ಬೀಸುವುದನ್ನೇ ಅಭ್ಯಾಸ ಮಾಡುತ್ತಾರೆ. ಈ ಅಂಕಿ ಬಂದದ್ದು ಮನಃಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರೇಬಿಯನ್ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ. ಅಲ್ಲಿ ಭಾಷಣ ಇರಲೇ ಇಲ್ಲ. ಒಂದೊಂದೇ ಪದವನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಮುಖದ ಫೋಟೋ ತೋರಿಸಿ, ಹೇಳಿದವರ ಭಾವನೆ ಏನು ಅಂತ ಊಹಿಸಲು ಹೇಳಿದ್ದರು. ಇಷ್ಟಾನಿಷ್ಟದ ಭಾವನೆಗೆ ಮಾತ್ರ ಈ ಲೆಕ್ಕ ಎಂದು ಮೆಹ್ರೇಬಿಯನ್ ಅವರೇ ಹೇಳಿದ್ದಾರೆ. ರೇಡಿಯೊದಲ್ಲಿ ವಾರ್ತೆ ಕೇಳಿದಾಗ ನಮಗೆ ನೂರಕ್ಕೆ ನೂರು ಅರ್ಥವಾಗುವುದಿಲ್ಲವೇ?

ಕೈಗೆ ಏನು ಮಾಡಬೇಕು ಅಂತ ತಲೆ ಕೆಡಿಸಿಕೊಳ್ಳಬೇಡಿ, ಸುಮ್ನೆ ಬಿಡಿ. ಕಣ್ಣು ಮಾತ್ರ ಮುಖ್ಯ. ಒಂದು ವಾಕ್ಯವನ್ನು ಎಡಗಡೆಯ ಒಬ್ಬರಿಗೆ ಹೇಳಿ ಮುಗಿಸಿ, ಮುಂದಿನದನ್ನು ಬಲಗಡೆಯ ಇನ್ನೊಬ್ಬರಿಗೆ. ಸಭೆ ಅನ್ನುವುದು ಮಾಯವಾಗಿ ಒಬ್ಬೊಬ್ಬರ ಹತ್ತಿರ ಮಾತಾಡಿದ ಹಾಗಾಗುತ್ತದೆ. ಅದು ನಮಗೆ ಚೆನ್ನಾಗಿ ಬರುವ ಕೆಲಸವೇ.

ಅಭ್ಯಾಸ ಎದ್ದು ನಿಂತೇ ಮಾಡಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ‘ಛೇ, ನನ್ನ ದನಿ ಹೀಗಿದೆಯಾ’ ಅನ್ನಿಸುತ್ತದೆ. ನಮ್ಮ ದನಿ ನಮಗೆ ಗಾಳಿಯಿಂದಲೂ ಕೇಳುತ್ತದೆ, ತಲೆಬುರುಡೆಯ ಮೂಳೆಯಿಂದಲೂ ಕೇಳುತ್ತದೆ. ಮೂಳೆ ದನಿಗೆ ಗಾಂಭೀರ್ಯ ಸೇರಿಸುತ್ತದೆ. ರೆಕಾರ್ಡಿನಲ್ಲಿ ಅದಿಲ್ಲ. ಊರವರೆಲ್ಲ ಇಷ್ಟು ದಿನ ಕೇಳಿದ್ದು ರೆಕಾರ್ಡಿನ ದನಿಯನ್ನೇ.

ನಡುವೆ ಮಾತು ನಿಂತುಹೋದರೆ?

ನಿಲ್ಲುತ್ತದೆ, ಎಲ್ಲರಿಗೂ. ಆಗ ‘ಆ… ಊಂ…’ ಅನ್ನದೆ ಬಾಯಿ ಮುಚ್ಚಿ. ನೀರಿನ ಬಾಟಲಿ ತೆಗೆದು ಒಂದು ಗುಟುಕು ಕುಡಿಯಿರಿ. ನಿಮಗೆ ಒಂದು ಯುಗ ಕಳೆದಂತೆ ಅನ್ನಿಸುತ್ತದೆ. ಕೇಳುವವರಿಗೆ ಅದು ಮೂರು ಸೆಕೆಂಡು. ಚೀಟಿ ನೋಡಿ. ಅದರಲ್ಲೂ ದಾರಿ ಸಿಗದಿದ್ದರೆ ಕೇಳಿಯೇಬಿಡಿ: “ಎಲ್ಲಿದ್ದೆ ನಾನು?”

‘ಅವಿಸ್ಮರಣೀಯ’ದ ಎಷ್ಟೋ ವರ್ಷಗಳ ಮೇಲೆ, ನಮ್ಮ ಬೀದಿಯ ಕಾರ್ಯಕ್ರಮದಲ್ಲಿ ನಾನೂ ಹಾಗೆ ಕೇಳಿದೆ. ಮುಂದಿನ ಸಾಲಿನಲ್ಲಿ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಅಜ್ಜಿಯೊಬ್ಬರು ತಟ್ಟನೆ, “ಟ್ಯಾಂಕರ್ ವಿಷ್ಯ ಹೇಳ್ತಾ ಇದ್ದೆ ಕಣಪ್ಪ, ಹೇಳು” ಅಂದರು.